ಡಾಬಕಾದಲ್ಲಿ ನೂರಾ ಹದಿನೈದು ವೋಲ್ಟು

ನಿನ್ನೆ ಕಂಪ್ಯೂಟರಿನ ಬೆನ್ನಿಗೆ ಕೂತಿದ್ದ ಧೂಳು ಒರೆಸುವಾಗ ನನ್ನ ಬೆರಳು ತಾನಾಗಿಯೇ ಆ ಕೆಂಪು ಗುಂಡಿಯನ್ನು ಹುಡುಕಿತು. ಸಿಗಲಿಲ್ಲ. ಸಿಗುವುದಿಲ್ಲವೆಂದು ನನಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಈಗಿನ ಪವರ್ ಸಪ್ಲೈ ಡಬ್ಬಿಗಳು ಹೆಚ್ಚಿನ ಮಟ್ಟಿಗೆ ಎಂಥ ಕರೆಂಟು ಬಂದರೂ ತಾವೇ ಹೊಂದಿಕೊಳ್ಳುತ್ತವೆ. ಹಳೆಯ ಡಬ್ಬಿಗಳಿಗೆ ಅಷ್ಟು ಸೈರಣೆ ಇರಲಿಲ್ಲ. ವೈರು ಚುಚ್ಚುವ ಜಾಗದ ಪಕ್ಕದಲ್ಲಿ ಉಗುರಿನಷ್ಟು ಅಗಲದ ಒಂದು ಕೆಂಪು ಗುಂಡಿ ಇರುತ್ತಿತ್ತು. ಅದನ್ನು ಒಂದು ಕಡೆ ಸರಿಸಿದರೆ 230 ಎಂಬ ಅಂಕಿ ಕಾಣುತ್ತಿತ್ತು, ಇನ್ನೊಂದು ಕಡೆ ಸರಿಸಿದರೆ 115. ಮೊದಲನೆಯದು ನಮ್ಮಂಥ ದೇಶಗಳಿಗೆ. ಎರಡನೆಯದು ಮನೆಮನೆಗೆ ಸಣ್ಣ ಕರೆಂಟು ಕೊಡುವ ದೇಶಗಳಿಗೆ. ನಿಮ್ಮಲ್ಲಿ ಬಹಳ ಮಂದಿ ಅದನ್ನು ನೋಡಿರಲಿಕ್ಕಿಲ್ಲ, ನೋಡಿದ್ದರೂ ಮುಟ್ಟಿರಲಿಕ್ಕಿಲ್ಲ. ನಾನು ಮುಟ್ಟಿದ್ದೇನೆ. ಅದನ್ನು ನೆನೆದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಎದೆ ಧಸಕ್ಕೆನ್ನುವುದು ನನಗೆ ಹೊಸದೇನಲ್ಲ, ಬಿಡಿ. ನಾನು ಹುಟ್ಟಾ ಗಾಬರಿಯವಳು. ಕುಕ್ಕರು ಸೀಟಿ ಹೊಡೆಯುತ್ತದೆಂದು ಗೊತ್ತಿದ್ದೂ ಅದು ಹೊಡೆದಾಗ ಪ್ರತಿ ಸಲ ಬೆಚ್ಚುತ್ತೇನೆ. ಹತ್ತನೆಯದು ಮುಗಿಸಿ ಭಾಲ್ಕಿಯ ಹಾಸ್ಟೆಲಿನಲ್ಲಿದ್ದಾಗ ನಮ್ಮ ವಾರ್ಡನ್ ಬಾಯಿಯವರು ವರ್ಷಕ್ಕೊಮ್ಮೆ ಕರೆಂಟಿನ ಪಾಠ ಮಾಡುತ್ತಿದ್ದರು. ಯಾರಿಗಾದರೂ ಕರೆಂಟು ಹಿಡಿದರೆ ಕೈಯಿಂದ ಮುಟ್ಟಬಾರದು, ಒಣ ಕಟ್ಟಿಗೆಯಿಂದ ಜೋರಾಗಿ ಹೊಡೆದು ಬಿಡಿಸಬೇಕು ಎನ್ನುವುದೇ ಆ ಪಾಠದ ಸಾರ. ಅದನ್ನು ತೋರಿಸಲು ಒಬ್ಬ ಹುಡುಗಿ ಕರೆಂಟು ಹಿಡಿದವಳಂತೆ ನಡುಗಬೇಕು, ಇನ್ನೊಬ್ಬಳು ಹೊಡೆಯಬೇಕು. ನಡುಗುವ ಪಾತ್ರ ಯಾವಾಗಲೂ ನನ್ನದೇ, ಯಾಕೆಂದರೆ ನನಗೆ ನಟಿಸುವ ಅಗತ್ಯವೇ ಇರಲಿಲ್ಲ. ರಜೆಗೆ ಊರಿಗೆ ಹೋದಾಗ ಈ ಪಾಠವನ್ನು ಅವ್ವನಿಗೆ ಒಪ್ಪಿಸಿದೆ. ಅವ್ವ ಅಂದೇ ಒಂದು ಜಾಲಿ ಕಟ್ಟಿಗೆ ತಂದು ಸ್ವಿಚ್ ಬೋರ್ಡಿನ ಪಕ್ಕ ಮೊಳೆಗೆ ತೂಗುಹಾಕಿದಳು. ಅದನ್ನು ಕೆಳಗಿಳಿಸುವ ಪ್ರಸಂಗ ಮುಂದೆ ಎಷ್ಟೋ ವರ್ಷ ಬರಲಿಲ್ಲ.

ನಮ್ಮೂರು ಔರಾದ ತಾಲೂಕಿನ ಡಾಬಕಾ. ಮಹಾರಾಷ್ಟ್ರ ಅಲ್ಲಿಂದ ಕೂಗಳತೆಯಲ್ಲಿದೆ. ನಮ್ಮ ಮನೆ ಊರಿನ ತುದಿಗಿದೆ, ಹಿತ್ತಿಲು ದಾಟಿದರೆ ಹೊಲ. ಮನೆಯ ದೀಪಕ್ಕೂ ಸುತ್ತಲಿನ ಬಾವಿಗಳ ಮೋಟರಿಗೂ ಒಂದೇ ಟಿ.ಸಿ., ಅಂದರೆ ಒಂದೇ ಟ್ರಾನ್ಸ್‌ಫಾರ್ಮರು. ಮೂರು ಫೇಸು ಬಂದು ಕಬ್ಬಿಗೆ ನೀರು ಬಿಡಲು ಎಲ್ಲರೂ ಮೋಟರು ಹಚ್ಚಿದರೆಂದರೆ ನಮ್ಮ ಮನೆಯ ಬಲ್ಬು ಹಣ್ಣಾಗುತ್ತದೆ, ಫ್ಯಾನು ಗಾಳಿ ಬೀಸುವುದನ್ನು ಬಿಟ್ಟು ರೆಕ್ಕೆ ಎಣಿಸಿಕೊಳ್ಳಿ ಅನ್ನುತ್ತದೆ. ಇದಕ್ಕೆ ಯಾರೂ ಜಗಳ ಆಡುವುದಿಲ್ಲ. ಆದರೆ ಯಾರ ಮನೆಯಲ್ಲಾದರೂ ಲಗ್ನವಿದ್ದರೆ, ಮಕ್ಕಳ ಪರೀಕ್ಷೆ ಇದ್ದರೆ, ಸುತ್ತಲಿನವರು ಯಾರೂ ಕೇಳದೆಯೇ ಮೋಟರು ಬಂದ್ ಮಾಡುತ್ತಾರೆ. ತಮ್ಮ ನೀರಿನ ಪಾಳಿ ಹೋದರೂ ಸರಿ, ಆ ಮನೆಗೆ ಬೆಳಕು ಬರಲಿ ಎಂದು. ನನ್ನ ಹತ್ತನೆಯ ತರಗತಿಯ ಪರೀಕ್ಷೆಯ ಸಂಜೆಗಳಲ್ಲಿ ನಮ್ಮ ಬಲ್ಬು ಒಮ್ಮೆಲೆ ಝಗ್ಗೆಂದು ಬೆಳಗುತ್ತಿತ್ತು. ನಾನು ಅದಕ್ಕೂ ಬೆಚ್ಚುತ್ತಿದ್ದೆ. ಅವ್ವ ಮಾತ್ರ ಹೊಲದ ಕಡೆ ಮುಖ ಮಾಡಿ, "ಮಾಣಿಕಣ್ಣ ಬಂದ್ ಮಾಡಿಸ್ಯಾನ, ಓದು" ಅನ್ನುತ್ತಿದ್ದಳು.

ಮಾಣಿಕಣ್ಣ ನಮಗೆ ರಕ್ತಸಂಬಂಧಿಯಲ್ಲ, ಪಕ್ಕದ ಹೊಲದವನು. ಅವ್ವ ಅಣ್ಣಾ ಅನ್ನುವುದರಿಂದ ನನಗೆ ಮಾಮಾ. ಊರಿನಲ್ಲಿ ಯಾರ ಮನೆಗೆ ಯಾವಾಗ ಬೆಳಕು ಬೇಕು ಎಂಬುದು ಅವನಿಗೆ ಬಾಯಿಪಾಠ. ಅವನು ಹೇಳಿದರೆ ಸುತ್ತಲಿನ ಹೊಲದವರೆಲ್ಲ ಮರುಮಾತಾಡದೆ ಬಟನ್ ಒತ್ತುತ್ತಾರೆ.

ಪಾಲಿ ಭಾಷೆ ಓದಿದ್ದರಿಂದ ನನಗೆ ಜಪಾನಿನ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಹಳೆಯ ಗ್ರಂಥಗಳ ಹಾಳೆಗಳನ್ನು ಒಂದೊಂದಾಗಿ ನೋಡಿ ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸುವ ಕೆಲಸ. ನಮ್ಮ ಓಣಿಯಲ್ಲಿ ಬುದ್ಧವಿಹಾರವಿದೆ, ಅವ್ವ ಪ್ರತಿ ಹುಣ್ಣಿಮೆಗೆ ಅಲ್ಲಿ ದೀಪ ಹಚ್ಚುವವಳು. ಬುದ್ಧನ ಕೆಲಸ ಅಂದಮೇಲೆ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ಸಿಟ್ಟನ್ನು ಅವಳು ಕಂಪ್ಯೂಟರಿನ ಆಯ್ಕೆಯಲ್ಲಿ ತೀರಿಸಿಕೊಂಡಳು. ನಾನು ಲ್ಯಾಪ್‌ಟಾಪ್ ಕೊಳ್ಳುತ್ತೇನೆಂದೆ.

"ಮಡಚೂದು ಬ್ಯಾಡ" ಅಂದಳು ಅವ್ವ. "ಮಡಚೂ ಸಾಮಾನು ಯಾರ್ ಬೇಕಾದವ್ರು ಬಗಲಾಗ ಹಿಡಕೊಂಡು ಹೋಗ್ತಾರ. ಕಳ್ಳಗ ಎತ್ತಾಕ ಆಗಬಾರದು, ಅಂಥಾದ ತೊಗೋ."

ಹೀಗೆ ಕಳ್ಳನಿಗೆ ಎತ್ತಲಾಗದ ಒಂದು ಡೆಸ್ಕ್‌ಟಾಪ್ ಬೀದರಿನ ಚಿದ್ರಿಯಲ್ಲಿ ತಯಾರಾಯಿತು. ಬಿಡಿ ಭಾಗಗಳನ್ನು ತಂದು ಕೂಡಿಸಿಕೊಟ್ಟವಳು ಕಾಲೇಜಿನಲ್ಲಿ ನನ್ನ ಬೆಂಚಿನ ಗೆಳತಿ ನಸ್ರೀನ್. ಈಗ ಅವಳು ಬೀದರಿನಲ್ಲೇ ಕಂಪ್ಯೂಟರ್ ಕಲಿಸುತ್ತಾಳೆ. ಕಂಪ್ಯೂಟರನ್ನು ಅವ್ವನ ಕೌದಿಯಲ್ಲಿ ಸುತ್ತಿ ನಾನು ವಿಮಾನ ಹತ್ತಿದೆ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಕೌದಿ ಬಿಚ್ಚಿ ನೋಡಿ, ನನ್ನನ್ನು ನೋಡಿ, ಮತ್ತೆ ಕೌದಿ ನೋಡಿ, ತನ್ನ ಜೊತೆಯವನನ್ನೂ ನೋಡಲು ಕರೆದ. ಕೈಗೂಸನ್ನು ಜನರ ಎದುರು ಬತ್ತಲೆ ಮಾಡಿದ ಹಾಗೆ ನನಗೆ ನಾಚಿಕೆಯಾಯಿತು.

ಜಪಾನಿನಲ್ಲಿ ಮೊದಲ ಆಘಾತ ಗೋಡೆಯದು. ಅಲ್ಲಿನ ಪ್ಲಗ್ಗಿಗೆ ಎರಡು ಚಪ್ಪಟೆ ಸೀಳು, ನನ್ನ ವೈರಿಗೆ ಮೂರು ದುಂಡನೆಯ ಕಾಲು. ಅದಕ್ಕೊಂದು ಅಡಾಪ್ಟರು ತಂದು ಚುಚ್ಚಿದೆ. ಕಂಪ್ಯೂಟರು ಕೆಮ್ಮಲೂ ಇಲ್ಲ. ಸತ್ತಿತು, ಕೌದಿಯಲ್ಲಿ ಉಸಿರು ಕಟ್ಟಿ ಸತ್ತಿತು ಎಂದು ನಾನು ಅಳುವುದೊಂದು ಬಾಕಿ. ನಮ್ಮ ವಿಭಾಗದ ಮೊರಿ ಮೇಡಂ ಬಂದರು. ಅವರು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಡಬ್ಬಿಯ ಹಿಂದೆ ಬಗ್ಗಿ ನೋಡಿ, ಪೆನ್ನಿನ ತುದಿಯಿಂದ ಕೆಂಪು ಗುಂಡಿಯನ್ನು 115ರ ಕಡೆಗೆ ಸರಿಸಿದರು. ಕಂಪ್ಯೂಟರು ಗುಂಯ್ ಎಂದು ಎದ್ದು ಕೂತಿತು. ಇಡೀ ದೇಶಕ್ಕೆ ಮನೆಗಳಲ್ಲಿ ನೂರೇ ವೋಲ್ಟು ಎಂದು ಅವರು ತಿಳಿಸಿ ಹೇಳಿದರು. ನನಗೆ ನಂಬಿಕೆಯೇ ಬರಲಿಲ್ಲ. ಬೀದಿಯಲ್ಲಿ ಸೂಜಿ ಬಿದ್ದರೆ ಹೆಕ್ಕಬಹುದಾದಷ್ಟು ಬೆಳಕು, ಮನೆಯಲ್ಲಿ ನೂರು ವೋಲ್ಟು!

ಅಂದೇ ಅವ್ವನಿಗೆ ಫೋನು ಮಾಡಿ ಹೇಳಿದೆ.

"ನೂರs?" ಅಂದಳು ಅವ್ವ. "ಬರೇ ನೂರs? ಯವ್ವಾ, ಎಂಥಾ ಬಡ ದೇಶಕ್ಕ ಹೋಗಿ ಕುಂತೀಯs? ನಮ್ಮಲ್ಲಿ ಊರ ಮೋಟರೆಲ್ಲಾ ಹಚ್ಚಿದ್ರೂ ನೂರಾ ಮೂವತ್ತಿಗಿ ಕಡಿಮಿ ಇಳಿಯಲ್ಲ. ಬಲ್ಬರ ಉರೀತಾವೋ ಇಲ್ಲೋ?"

ಉರಿಯುತ್ತವೆ ಅಂದೆ. ನಂಬಲಿಲ್ಲ. ಮಗಳು ಮರ್ಯಾದೆಗೆ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು, ಮುಂದಿನ ಸಲ ಊರಿಂದ ಬರುವವರ ಕೈಯಲ್ಲಿ ಮೇಣದ ಬತ್ತಿ ಕಳಿಸಲೇ ಎಂದು ಕೇಳಿದಳು. ನಮ್ಮೂರಿನಿಂದ ಜಪಾನಿಗೆ ಬರುವವರು ಯಾರಿದ್ದರೋ ನನಗಂತೂ ಗೊತ್ತಿಲ್ಲ.

ಎರಡು ವರ್ಷ ಕಳೆದು ರಜೆಗೆ ಬಂದೆ, ಕಂಪ್ಯೂಟರನ್ನೂ ಅದೇ ಕೌದಿಯಲ್ಲಿ ಹೊತ್ತುಕೊಂಡು. ಬಂದ ಮರುದಿನವೇ ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಕೇಳಿದಳು. "ಆ ಕೆಲಸ ಇಲ್ಲೇ ಕುಂತು ಮಾಡಾಕ ಬರಲ್ಲೇನು? ಫೋನಿನಾಗ ಎಲ್ಲಾ ಹೋಗ್ತದಂತಲ್ಲ."

ಮನೆಯಲ್ಲಿ ಅವ್ವ ಒಂಟಿಯೆಂದು ತಿಳಿಯಬೇಡಿ. ಅಣ್ಣ, ವೈನಿ ಎಂದು ನಾನು ಕರೆಯುವ ಅತ್ತಿಗೆ, ಅವರ ಮಕ್ಕಳು, ಎಮ್ಮೆ, ಎಲ್ಲ ಇದ್ದರು. ಇಲ್ಲದ್ದು ಒಂದೇ, ಅವ್ವನ ಸರಿಸಮ ಜಗಳ ಆಡುವವರು. ಅಣ್ಣ ಎಲ್ಲದಕ್ಕೂ ಹ್ಞೂಂ ಅನ್ನುತ್ತಾನೆ, ವೈನಿ ಸಭ್ಯಳು. ನಾನು ಹೋದ ಮೇಲೆ ಅವ್ವನಿಗೆ ಬಾಯಿ ತುಕ್ಕು ಹಿಡಿದಿತ್ತಂತೆ. ನಿಜ ಹೇಳಬೇಕೆಂದರೆ ನನಗೂ ಅಲ್ಲಿ ಅದೇ ಕಾಯಿಲೆ. ಮೊರಿ ಮೇಡಂ ಜೊತೆ ಯಾರು ಜಗಳ ಆಡಲು ಸಾಧ್ಯ?

ಅವರಿಗೆ ಬರೆದು ಕೇಳಿದೆ. ಅವರು ದೊಡ್ಡವರನ್ನು ಕೇಳಿ ಒಪ್ಪಿಸಿದರು. ಒಂದು ವಾರ ನಾನು ಡಾಬಕಾದಿಂದಲೇ ಕೆಲಸ ಮಾಡಿ ತೋರಿಸಬೇಕು. ದಿನಾ ನಾಷ್ಟಾ ಆದ ಮೇಲೆ ಕಂಪ್ಯೂಟರಿನಲ್ಲಿ ಅವರ ಜೊತೆ ಕೂಡಿ ಹಾಳೆ ಓದಬೇಕು. ಶುಕ್ರವಾರ ಸಂಸ್ಥೆಯ ಹಿರಿಯರು ಬಂದು ಕೂತು ನೋಡುತ್ತಾರೆ. ಅಡಚಣೆಯಿಲ್ಲದೆ ನಡೆದರೆ ನಾನು ಊರಲ್ಲೇ ಉಳಿಯಬಹುದು. ನಡೆಯದಿದ್ದರೆ ತಿರುಗಿ ಜಪಾನಿಗೆ. ಅವ್ವ ತೊಗರಿ ಚೀಲ ಇಡುವ ಕೋಣೆಯನ್ನು ಒಂದೇ ದಿನದಲ್ಲಿ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ನಡುವೆ ಟೇಬಲ್ ಇಡಿಸಿದಳು. ಅವಳು ಇಷ್ಟು ಖುಷಿಯಾಗಿದ್ದನ್ನು ನಾನು ಅಣ್ಣನ ಲಗ್ನದಲ್ಲೂ ನೋಡಿರಲಿಲ್ಲ.

ಸೋಮವಾರ ಕಂಪ್ಯೂಟರು ಹಚ್ಚಿದೆ. ಏಳಲಿಲ್ಲ! ಬೀದರಿಗೆ ಬಂದಿಳಿದ ದಿನ ನಸ್ರೀನಳ ಮನೆಯಲ್ಲಿ ಗುಂಡಿಯನ್ನು 230ಕ್ಕೆ ತಿರುಗಿಸಿ ನೋಡಿದ್ದೆವು, ಚೆನ್ನಾಗಿಯೇ ಓಡಿತ್ತು. ಇಲ್ಲಿ ಅದರ ಒಳಗಿನ ಫ್ಯಾನು ಒಂದು ಸಲ ಮಿಸುಕಿ ಸುಮ್ಮನಾಯಿತು. ಮೂಲೆಯಲ್ಲಿ ಹಳೆಯ ಟಿವಿಯ ಸ್ಟೆಬಿಲೈಸರ್ ಇತ್ತು. ಅದರೊಳಗಿನ ಕೆಲಸವೆಲ್ಲ ಯಾವಾಗಲೋ ನಿಂತು, ಮುಳ್ಳೊಂದೇ ಪ್ರಾಮಾಣಿಕವಾಗಿ ಅಂಕಿ ತೋರಿಸುತ್ತಿತ್ತು. ಅವ್ವ ಅದನ್ನು ಹಚ್ಚಿ ನೋಡಿದಳು. ನೂರಾ ಮೂವತ್ತು. ಆ ವಾರ ನಮ್ಮ ಲೈನಿಗೆ ಮೂರು ಫೇಸು ಹಗಲಿನ ಪಾಳಿ, ಹೊಲದಲ್ಲಿ ಎಲ್ಲ ಮೋಟರುಗಳೂ ಓಡುತ್ತಿದ್ದವು.

ನಾನು ತಲೆ ಮೇಲೆ ಕೈ ಹೊತ್ತೆ. ಅವ್ವ ಡಬ್ಬಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಕೆಂಪು ಗುಂಡಿಯನ್ನು ನೋಡಿದಳು.

"ಇದರಾಗ ಏನು ಬರದಾರ?"

"ಈ ಕಡಿ ಎರಡನೂರಾ ಮೂವತ್ತು, ಆ ಕಡಿ ನೂರಾ ಹದಿನೈದು."

"ನಮ್ಮಲ್ಲಿ ಈಗ ನೂರಾ ಮೂವತ್ತು ಅದ. ಅದಕ್ಕ ಯಾವುದು ಹಂತ್ಯಾಕ ಅದ, ನೀನs ಹೇಳು. ಇಷ್ಟ್ ಓದಿ ಅಷ್ಟ್ ಗೊತ್ತಾಗಲ್ಲೇನು?"

ಕೂಡಿಸಿ ಕಳೆದು ನೋಡಿದರೆ ಅವಳು ಹೇಳುವುದು ಸರಿಯೇ ಇತ್ತು, ನೂರಾ ಹದಿನೈದೇ ಹತ್ತಿರ. ಆದರೂ ಭಯದಿಂದ ನಸ್ರೀನಳಿಗೆ ಫೋನು ಹಚ್ಚಿದೆ. ಅವಳು ಮೊದಲು ಜೋರಾಗಿ ನಕ್ಕಳು.

"ಅರೇ ಬಾಪ್‌ರೇ! ಊರಿಗಿ ಊರೇ ಜಪಾನ್ ಆಗ್ಯಾದ ಅನ್ನು. ನಡೀತದ ಮಾ, ನಡೀತದ. ಮೋಟರ್ ಚಾಲೂ ಇರೂತನಾ ನೂರಾ ಹದಿನೈದರ ಮ್ಯಾಲ ಇಟ್ಟು ನಡಸು. ಖರೇ ಒಂದ್ ಮಾತು ಕೇಳು. ಮೋಟರೆಲ್ಲಾ ಒಮ್ಮೆಲೆ ಬಂದ್ ಆಗಿ ಕರೆಂಟ್ ಏರ್ತಂದ್ರ ಡಬ್ಬಿ ಖಲಾಸ್. ಶನಿವಾರ ಹೈದರಾಬಾದಿಂದ ಹೊಸಾ ಡಬ್ಬಿ ತರಸ್ತೇನಿ, ಅದಕ್ಕ ಗುಂಡೀನೇ ಇರಂಗಿಲ್ಲ. ಅಲ್ಲಿತನಕ ಮುಳ್ಳಿನ ಮ್ಯಾಲ ನಜರ್ ಇಡು."

ಗುಂಡಿಯನ್ನು 115ಕ್ಕೆ ಸರಿಸಿದೆ. ಗುಂಯ್ ಎಂದು ಎದ್ದಿತು! ಪರದೆಯ ಮೇಲೆ ಮೊರಿ ಮೇಡಂ ತಲೆಬಾಗಿ ವಂದಿಸಿದರು. ನಾನು ಕುರ್ಚಿಯಲ್ಲಿ ಬೆಚ್ಚಿ ಬಿದ್ದೆ. ಕೊಟ್ಟ ಕರೆಂಟು ಕೆಟ್ಟದ್ದಾದ್ದರಿಂದಲೇ ಒಂದು ಯಂತ್ರ ಓಡುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಮುಳ್ಳು ಕಾಯುವ ಕೆಲಸವನ್ನು ಅವ್ವ ವಹಿಸಿಕೊಂಡಳು. ದಿನಾ ಸ್ಟೆಬಿಲೈಸರಿನ ಎದುರು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕೂತು, ಒಂದು ಕಣ್ಣು ಹರಳಿನ ಮೇಲೆ, ಇನ್ನೊಂದು ಮುಳ್ಳಿನ ಮೇಲೆ. ಮುಳ್ಳು ಸ್ವಲ್ಪ ಅಲುಗಿದರೂ "ತೆಗಿ!" ಎಂದು ಕಿರುಚುತ್ತಿದ್ದಳು, ನಾನು ಪ್ಲಗ್ಗು ಕೀಳುತ್ತಿದ್ದೆ. ಮಂಗಳವಾರ ಹೀಗೆ ಸುಮ್ಮಸುಮ್ಮನೆ ಕಿತ್ತದ್ದೇ ಹೆಚ್ಚು. ಮೊರಿ ಮೇಡಂ ಎಲ್ಲಿಗೆ ಹೋದಿರಿ ಎಂದು ಕೇಳಿದರು. ಕೋಳಿ ಓಡಿಸಲು ಹೋಗಿದ್ದೆ ಎಂದೆ. ಅವರು ಅದಕ್ಕೂ ತಲೆಬಾಗಿದರು.

ಹೀಗಾದರೆ ಹಿರಿಯರ ಎದುರು ಮಾನ ಹೋಗುತ್ತದೆಂದು ಅವ್ವ ಬುಧವಾರ ಸಂಜೆ ಸೆರಗು ಸಿಕ್ಕಿಸಿಕೊಂಡು ಹೊಲಕ್ಕೆ ಹೊರಟಳು. ನಾನೂ ಹಿಂದೆ ಹೋದೆ. ಒಂದೊಂದು ಬಾವಿಯ ಹತ್ತಿರ ನಿಂತು ಅವಳು ಕೇಳಿದ್ದು ಒಂದೇ.

"ಸುಕ್ರಾರದಿನ ನಮ್ಮ ಸುಜಾತಾನ ಕಂಪ್ಯೂಟರದಾಗ ಜಪಾನಿನ ದೊಡ್ಡ ಮಂದಿ ನೋಡಾಕ ಬರ್ತಾರರಿ. ಅವತ್ತ ಯಾರೂ ಮೋಟರ್ ಬಂದ್ ಮಾಡಬ್ಯಾಡ್ರಿ. ಎಲ್ಲಾರೂ ಚಾಲೂನೇ ಇಡ್ರಿ."

ಕೇಳಿದವರೆಲ್ಲ ಅವಳ ಮುಖವನ್ನೇ ನೋಡಿದರು. ಡಾಬಕಾದಲ್ಲಿ ಕರೆಂಟು ಬಂದಂದಿನಿಂದ ಯಾರೂ ಯಾರನ್ನೂ ಹಾಗೆ ಕೇಳಿರಲಿಕ್ಕಿಲ್ಲ. ಆದರೂ ಆಗಲಿ ಎಂದು ತಲೆಯಾಡಿಸಿದರು. ಮಾಣಿಕ ಮಾಮಾ ಮಾತ್ರ ತಲೆಯಾಡಿಸಲಿಲ್ಲ. ಕಬ್ಬಿನ ನಡುವೆ ಸನಿಕೆ ಊರಿಕೊಂಡು ನಿಂತು, ಅವ್ವನನ್ನು ನೋಡಿ ಒಂದು ನಮೂನಿ ಮೆಲ್ಲಗೆ ನಕ್ಕ.

"ಆತು ತಂಗಿ, ನನಗ ತಿಳೀತು. ನೀ ಫಿಕರ್ ಮಾಡಬ್ಯಾಡ."

ಮನೆಗೆ ಬರುವಾಗ ಅವ್ವ ಹಗುರಾಗಿದ್ದಳು. "ಮಾಣಿಕಣ್ಣಗ ತಿಳದದ ಅಂದಮ್ಯಾಲ ಆತು" ಅಂದಳು. ನನಗೂ ಹಾಗೇ ಅನ್ನಿಸಿತು.

ಶುಕ್ರವಾರ ಬಂತು. ಅವ್ವ ತಲೆ ತೊಳೆದು ಬಿಳಿ ಸೀರೆ ಉಟ್ಟಿದ್ದಳು. ಮುಳ್ಳು ನೂರಾ ಮೂವತ್ತಕ್ಕೆ ಮಿಸುಕದೆ ನಿಂತಿತ್ತು. ಪರದೆಯಲ್ಲಿ ಮೊರಿ ಮೇಡಂ ಹಿಂದೆ ಸಾಲಾಗಿ ಕೂತ ಹಿರಿಯರು. ನಾನು ಹಾಳೆ ತೋರಿಸುತ್ತ ಓದುತ್ತ ಹೋದೆ. ಒಂದು ಅಡಚಣೆಯಿಲ್ಲ, ಒಂದು ಕೋಳಿಯಿಲ್ಲ. ಕೊನೆಗೆ ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರು ಏನೋ ಹೇಳಿದರು. ನಿಮ್ಮ ಕೆಲಸದಿಂದ ಸಂತೋಷವಾಗಿದೆ, ಇನ್ನು ನೀವು ಅಲ್ಲೇ ಇರಬಹುದು ಎಂಬಂತೆ ಕಾಣುತ್ತದೆ, ನಿಮ್ಮ ತಾಯಿಯವರಿಗೆ ನಮಸ್ಕಾರ ಹೇಳಬೇಕು ಎಂದು ಮೊರಿ ಮೇಡಂ ತಿಳಿಸಿದರು.

ನಾನು ಅವ್ವನನ್ನು ಕರೆದೆ. ಅವ್ವ ಮೊರ ಬಿಟ್ಟು, ಮುಳ್ಳು ಬಿಟ್ಟು, ಸೆರಗು ಸರಿಮಾಡಿಕೊಂಡು ಕಂಪ್ಯೂಟರಿನ ಎದುರು ಬಂದು ನಿಂತಳು. ಹಿರಿಯರೆಲ್ಲ ಎದ್ದು ನಡು ಬಗ್ಗಿಸಿದರು. ಅವ್ವ ಎರಡೂ ಕೈ ಜೋಡಿಸಿ, ಶಾಲೆಯ ಮಗುವಿನಂತೆ ಜೋರಾಗಿ, "ಜೈಭೀಮ್ರಿ" ಅಂದಳು.

ಢಮ್!

ಮಂಚದ ಕೆಳಗೆ ಪಟಾಕಿ ಹಚ್ಚಿದಂಥ ಶಬ್ದ. ಪರದೆ ಕಪ್ಪಾಯಿತು. ಡಬ್ಬಿಯ ಹಿಂದಿನಿಂದ ಹೊಗೆ, ಸುಟ್ಟ ವಾಸನೆ. ಮೇಲೆ ಬಲ್ಬು ಹುಚ್ಚು ಹಿಡಿದಂತೆ ಬೆಳಗುತ್ತಿತ್ತು, ಫ್ಯಾನು ಗರಗರ ತಿರುಗುತ್ತಿತ್ತು. ನಾನು ಎರಡೂ ಕೈ ಕೀಬೋರ್ಡಿನ ಮೇಲಿಟ್ಟುಕೊಂಡು ಕಲ್ಲಾಗಿ ಕೂತಿದ್ದೆ. ಕರೆಂಟು ನನ್ನನ್ನು ಮುಟ್ಟಿರಲಿಲ್ಲ. ಅದು ನನ್ನ ಮಾಮೂಲು ಗಾಬರಿ. ಆದರೆ ಅವ್ವನಿಗೆ ಹಾಗೆ ಕಾಣಲಿಲ್ಲ. "ಮಗಳs!" ಎಂದು ಚೀರಿ ಸ್ವಿಚ್ ಬೋರ್ಡಿನ ಪಕ್ಕದ ಮೊಳೆಯ ಜಾಲಿ ಕಟ್ಟಿಗೆಯನ್ನು ಎಳೆದುಕೊಂಡವಳೇ ನನ್ನ ಬಲಗೈಗೆ ಒಂದು ಬಾರಿಸಿದಳು. ನಾನು ಕುರ್ಚಿಸಮೇತ ಉರುಳಿದೆ. ಉರುಳಿದರೂ ಬಿಟ್ಟಿಲ್ಲವೇನೋ ಎಂದು ಅನುಮಾನ ಬಂದು ಇನ್ನೊಂದು ಬಿಟ್ಟಳು. "ಅವ್ವಾ, ಕರೆಂಟ್ ಹಿಡದಿಲ್ಲs, ಹಿಡದಿಲ್ಲ!" ಎಂದು ನಾನು ಕೂಗಿದ ಮೇಲೆಯೇ ಕಟ್ಟಿಗೆ ಕೈಬಿಟ್ಟದ್ದು. ಆಮೇಲೆ ನನ್ನನ್ನು ತಬ್ಬಿಕೊಂಡು ನಡುಗತೊಡಗಿದಳು.

ಹೊಗೆ ಇನ್ನೂ ಆರಿರಲಿಲ್ಲ. ಹಿತ್ತಿಲ ಬಾಗಿಲಿನಲ್ಲಿ ಕಾಲ ಸಪ್ಪಳವಾಯಿತು. ನೋಡಿದರೆ ಮಾಣಿಕ ಮಾಮಾ, ಅವನ ಹಿಂದೆ ಸುತ್ತಲಿನ ಹೊಲದವರು. ಮೊಣಕಾಲ ತನಕ ಕೆಸರು, ಮುಖದ ತುಂಬ ನಗು.

"ಏನ್ ತಾಯಿ, ಕರೆಂಟ್ ಜೋರ ಬಂತೋ ಇಲ್ಲೋ?" ಅಂದ ಮಾಮಾ.

ಉತ್ತರಕ್ಕೆ ಕಾಯದೆ ಅವನೇ ಹೇಳುತ್ತ ಹೋದ.

"ನಿಮ್ಮವ್ವ ಮೋಟರ್ ಚಾಲೂ ಇಡ್ರಿ ಅಂದ್ಲು. ಯಾರರ ಹಂಗ ಕೇಳ್ತಾರೇನು? ನಮ್ಮ ನೀರಿನ ಪಾಳಿ ತಪ್ಪತದಂತ ಸಂಕೋಚ ಮಾಡ್ಕೊಂಡು ಉಲ್ಟಾ ಹೇಳ್ಯಾಳ. ಅಷ್ಟ್ ತಿಳೀದವ್ರೇನು ನಾವು? ದೊಡ್ಡ ಮಂದಿ ಬಂದು ಕೂಡೂತನಕ ತಡದು, ಆಮ್ಯಾಲ ನಾ ಒಡ್ಡಿನ ಮ್ಯಾಲ ನಿಂತು ಟವೆಲ್ ಬೀಸಿದೆ. ಎಲ್ಲಾರೂ ಒಮ್ಮೆಲೆ ಬಂದ್ ಮಾಡಿದ್ರು. ಡಾಬಕಾದ ಮಾನ ಜಪಾನಿನವ್ರ ಮುಂದ ಕಡಿಮಿ ಆಗಬಾರದು ನೋಡು."

ಎತ್ತು ಏರಿಗೆ, ಕೋಣ ನೀರಿಗೆ ಎಂದು ಕೇಳಿದ್ದೆ. ಇಲ್ಲಿ ಎರಡೂ ನನ್ನ ಮೇಲಿನ ಪ್ರೀತಿಯಿಂದಲೇ ಎಳೆದಿದ್ದವು. ಕಿರುಚಬೇಕು, ಆ ಟೇಬಲ್ಲನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಇನ್ನು ಅವ್ವನ ಬಾಯಿಂದ ಏನೇನು ಬರುತ್ತದೋ ಎಂದು ಕಾದೆ. ಎಮ್ಮೆ ಕಡಲೆ ಹೊಲಕ್ಕೆ ಬಾಯಿ ಹಾಕಿದ್ದಕ್ಕೆ ಇದೇ ಮಾಮಾನ ಜೊತೆ ಮೂರು ಓಣಿಗೆ ಕೇಳುವಂತೆ ಜಗಳ ಆಡಿದವಳು ಅವಳು.

ಅವ್ವ ಕಣ್ಣು ಒರೆಸಿಕೊಂಡಳು. ಕಟ್ಟಿಗೆಯನ್ನು ಕಾಲಿನಿಂದ ಟೇಬಲ್ಲಿನ ಕೆಳಗೆ ಸರಿಸಿದಳು. ಹೊಗೆಗೆ ಅಡ್ಡವಾಗಿ ಬಾಗಿಲಲ್ಲಿ ನಿಂತಳು.

"ಬಂತೋ ಅಣ್ಣಾ, ಭಾಳ ಜೋರ ಬಂತು" ಅಂದಳು. "ಕೂಡ್ರಿ ಎಲ್ಲಾರೂ. ಚಹಾ ಮಾಡ್ತೇನಿ."

"ವಾಸನಿ ಏನೋ ಬರಾಕತ್ತದಲ್ಲ?"

"ಒಲಿ ಮ್ಯಾಲ ಹಾಲು ಉಕ್ಕ್ಯಾದ."

ಅವರು ಪಡಸಾಲೆಯಲ್ಲಿ ಕೂತರು. ನಾನು ಅವ್ವನ ಹಿಂದೆ ಅಡಿಗೆಮನೆಗೆ ನುಗ್ಗಿದೆ. ಇವರಿಗೆ ಹೇಳಲೇಬೇಕು, ಏನು ಮಾಡಿದಿರಿ ಎಂದು ಗೊತ್ತಾಗಲೇಬೇಕು ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಅವ್ವ ಸಕ್ಕರೆ ಡಬ್ಬಿ ಹಿಡಿದವಳು ನನ್ನ ಕಡೆ ತಿರುಗಿದಳು. ನಾನು ಇಪ್ಪತ್ತು ವರ್ಷ ಅವಳ ಜೊತೆ ಜಗಳ ಆಡಿದ್ದೇನೆ, ಅಂಥ ಕಣ್ಣು ನೋಡಿರಲಿಲ್ಲ.

"ಬಾಯಿ ತಗದೀ ಅಂದ್ರ ನೋಡು. ಎಷ್ಟ ಖುಷೀಲೆ ಬಂದು ಕುಂತಾರ, ಕಂಡಿಲ್ಲೇನು? ತಮ್ಮ ಪಾಳಿ ನೀರು ಬಿಟ್ಟು ಬಂದಾರ. ಇದು ಗೊತ್ತಾದ್ರ ಮಾಣಿಕಣ್ಣ ಇನ್ನ ಜಲ್ಮದಾಗ ನಮ್ಮ ಹೊಸ್ತಿಲು ತುಳಿಯಲ್ಲ. ನೀ ಅಂತೂ ಹೋಗ್ತಿ. ಹೋಗೂದು ಹೋಗ್ತಿ, ಅವರ ಮಾರಿ ಯಾಕ ಸಣ್ಣದ ಮಾಡ್ತಿ?"

ಕುದಿಯುತ್ತಿದ್ದ ಚಹಾವನ್ನು ನಾನು ಲೋಟಗಳಿಗೆ ಸೋಸಿದೆ. ಊದಿಕೊಂಡ ಕೈ ಈಗ ನೋಯತೊಡಗಿತ್ತು. ನಾನೇ ಲೋಟಗಳನ್ನು ಎಡಗೈಯಲ್ಲಿ ಒಯ್ದು ಕೊಟ್ಟೆ. ಮಾಮಾ ಎರಡು ಲೋಟ ಕುಡಿದ. ಜಪಾನಿನವರು ಏನಂದರು ಎಂದು ಕೇಳಿದ. ಎಲ್ಲರೂ ಎದ್ದು ನಿಂತು ನಮಸ್ಕಾರ ಮಾಡಿದರು ಅಂದೆ. ಅದು ಸುಳ್ಳಾಗಿರಲಿಲ್ಲ. ಅವನು ಉಳಿದವರ ಮುಖ ನೋಡಿ ಹೆಮ್ಮೆಯಿಂದ ತಲೆಯಾಡಿಸಿದ.

ಅಂದೇ ಫೋನಿನಿಂದ ಮೊರಿ ಮೇಡಂಗೆ ನಡೆದದ್ದನ್ನು ಬರೆದಿದ್ದೆ, ಮರುದಿನ ಸಂಸ್ಥೆಯಿಂದ ಮೇಲ್ ಬಂತು. ಅವರಿಗೆ ಅರ್ಧ ಢಮ್ ಕೇಳಿಸಿತ್ತಂತೆ, ಉಳಿದರ್ಧಕ್ಕೆ ಮೊದಲೇ ಎಲ್ಲ ನಿಂತುಹೋಗಿದೆ. ಆ ಹಿರಿಯರು ಇಡೀ ದಿನ ನಮ್ಮ ಚಿಂತೆಯಲ್ಲಿದ್ದರಂತೆ. ತಾಯಿಯವರಿಗೆ ಏನೂ ಆಗಿಲ್ಲವೆಂದು ತಿಳಿದು ಸಮಾಧಾನವಾಯಿತು, ಆದರೆ ಗ್ರಂಥಗಳ ಕೆಲಸಕ್ಕಾಗಿ ಒಂದು ಮನೆಯ ಜೀವಗಳನ್ನು ಅಪಾಯಕ್ಕೆ ಒಡ್ಡಲು ನಮಗೆ ಮನಸ್ಸಿಲ್ಲ, ದಯವಿಟ್ಟು ಇಲ್ಲಿಗೇ ಬನ್ನಿ ಎಂದು ಬರೆದಿದ್ದರು. ಬೈದಿದ್ದರೆ ಜಗಳ ಆಡಬಹುದಿತ್ತು. ಹೊಸ ಡಬ್ಬಿ ಬರುತ್ತದೆ, ಇನ್ನು ಅಪಾಯವಿಲ್ಲ ಎಂದು ನಾನು ಎರಡೆರಡು ಸಲ ಬರೆದೆ. ಅಷ್ಟೇ ವಿನಯದಿಂದ ಎರಡು ಸಲವೂ ಅದೇ ಉತ್ತರ ಬಂತು.

ಕಂಪ್ಯೂಟರನ್ನು ಬೀದರಿಗೆ ಒಯ್ದೆ. ನಸ್ರೀನ್ ಡಬ್ಬಿ ಬಿಚ್ಚಿ, ಒಳಗೆ ಹೊಟ್ಟೆ ಒಡೆದುಕೊಂಡು ಬಿದ್ದದ್ದನ್ನು ತೋರಿಸಿದಳು. ಪವರ್ ಸಪ್ಲೈ ಒಂದು ಬಿಟ್ಟರೆ ಉಳಿದೆಲ್ಲ ನೆಟ್ಟಗಿತ್ತು. ನನ್ನ ಕೈಯ ಬಾಸುಂಡೆ ನೋಡಿ, "ಕಂಪ್ಯೂಟರಕಿಂತಾ ನಿಂದೇ ನುಕ್ಸಾನ್ ಜಾಸ್ತಿ ಆಗ್ಯಾದಲ್ಲ ಮಾ!" ಎಂದು ಬಾಯಿಗೆ ಕೈ ಹಚ್ಚಿದಳು. ಹೊಸ ಡಬ್ಬಿ ಕೂಡಿಸಿ ಕೊಟ್ಟಳು. ಅದು ಡಾಬಕಾದ ಎಂಥ ಕರೆಂಟಿಗೂ ಓಡುವಂಥದ್ದು. ಮನೆಗೆ ತಂದು ಹಚ್ಚಿದೆ. ಮೋಟರು ಇದ್ದಾಗಲೂ ಓಡಿತು, ಇಲ್ಲದಾಗಲೂ ಓಡಿತು. ಅವ್ವ ಅದರ ಎದುರು ಸ್ವಲ್ಪ ಹೊತ್ತು ನಿಂತು ನೋಡಿ, ಎಮ್ಮೆಗೆ ನೀರು ಕುಡಿಸಲು ಹೋದಳು.

ಹೊರಡುವ ದಿನ ಔರಾದ ಬಸ್‌ಸ್ಟ್ಯಾಂಡಿನ ತನಕ ಸಾಮಾನು ಮುಟ್ಟಿಸಲು ಮಾಣಿಕ ಮಾಮಾ ಟಂಟಂ ಆಟೋ ಮಾಡಿಕೊಂಡು ಬಂದಿದ್ದ. ಕಂಪ್ಯೂಟರನ್ನು ಯಾರ ಕೈಗೂ ಕೊಡದೆ ಎದೆಗವುಚಿಕೊಂಡು ತಾನೇ ಬಸ್ಸಿಗೆ ಏರಿಸಿ, ನನ್ನ ಸೀಟಿನ ಪಕ್ಕ ಇಟ್ಟು ಕೆಳಗಿಳಿದ. ಕಿಟಕಿಯ ಹತ್ತಿರ ಬಂದು ನಿಂತು ದನಿ ತಗ್ಗಿಸಿ ಹೇಳಿದ.

"ಮುಂದಿನ ಸಲ ಬಂದಾಗ ಮೊದಲs ಹೇಳಿ ಕಳಸು ತಾಯಿ. ಆ ದಿನ ಜರಾ ತಡಾ ಆತೇನೋ ಅಂತ ನನ್ನ ಮನಸಿನಾಗ ಇನ್ನಾ ಕೊರಗ ಅದ. ಇನ್ನೊಮ್ಮೆ ಮುಂಜಾನಿಂದನೇ ಬಂದ್ ಮಾಡಸ್ತೇನಿ."

ನಾನು ಅವ್ವನ ಕಡೆ ನೋಡಿದೆ. ಅವ್ವ ನಕ್ಕಳು.

"ಹೌದೋ ಅಣ್ಣಾ. ಮುಂದಿನ ಸಲ ನಾನs ಬಂದು ಹೇಳ್ತೇನಿ, ಬಂದ್ ಮಾಡ್ರಿ ಅಂತ."

"ಹ್ಞೂಂರಿ ಮಾಮಾ" ಅಂದೆ ನಾನೂ.

ಬಸ್ಸು ಹೊರಟಿತು. ಸ್ಟ್ಯಾಂಡಿನ ಬಾಗಿಲಲ್ಲಿ ತಿರುಗುವಾಗ ಹಿಂದಿರುಗಿ ನೋಡಿದೆ. ಅಷ್ಟು ಹೊತ್ತೂ ನಗುತ್ತಿದ್ದ ಅವ್ವ ಮಾಣಿಕ ಮಾಮಾನ ಹೆಗಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಗಳು ಅಷ್ಟು ದೂರ ಯಾಕೆ ಹೋಗಬೇಕಾಯಿತೋ ಅವನಿಗೆ ಅರ್ಥವಾಗುತ್ತಿರಲಿಲ್ಲ. ಅವಳ ತಲೆ ಸವರುತ್ತ ಸಮಾಧಾನ ಹೇಳುತ್ತಿದ್ದ.